ಕಣ್ಣು ತೆರೆಸುವ ಮುರುಗೆಪ್ಪ

೧೯೯೯ರ ನವೆಂಬರಿನ ಒಂದು ಮಧ್ಯಾಹ್ನ, ಮ್ಯಾನ್‌ಹಟನ್ನಿನ ಯೆಹೂದಿ ಗ್ರಂಥಾಲಯವೊಂದರ ಸಭಾಂಗಣದಲ್ಲಿ, ಏಳುನೂರು ವರ್ಷಗಳಿಂದ ಮುಖವಿಲ್ಲದೆ ನೆಮ್ಮದಿಯಾಗಿದ್ದ ಇಪ್ಪತ್ತಮೂರು ಮಂದಿಗೆ ನಮ್ಮ ಮುರುಗೆಪ್ಪನವರು ಮುಖ ಕೊಟ್ಟು, ನಮಗೆಲ್ಲ ಮುಖಭಂಗ ಮಾಡಿದರು.

ಆ ಇಪ್ಪತ್ತಮೂರು ಮಂದಿ ಇದ್ದದ್ದು ಒಂದು ಪ್ರಾರ್ಥನಾ ಪುಸ್ತಕದ ಪುಟದಲ್ಲಿ. ಜರ್ಮನಿಯ ರೈನ್ ನದಿಯ ಕಡೆಯ ಯಾವುದೋ ಊರಿನಲ್ಲಿ, ಹಬ್ಬದ ದಿನಗಳಲ್ಲಿ ಎಲ್ಲರ ಮುಂದೆ ನಿಂತು ಓದಲೆಂದು, ಚರ್ಮದ ಹಾಳೆಗಳ ಮೇಲೆ ಕೈಯಲ್ಲಿ ಬರೆದು, ಬಣ್ಣ ತುಂಬಿ, ಚಿನ್ನದ ರೇಕು ಮೆತ್ತಿದ ಭಾರೀ ಪುಸ್ತಕ. ಇಂಥದನ್ನು ಅವರು ಮಹ್ಜೋರ್ ಎನ್ನುತ್ತಾರೆ. ಎತ್ತಲು ಇಬ್ಬರು ಬೇಕು. ನಾನು ಕೆಲಸ ಮಾಡುತ್ತಿದ್ದ ಜರ್ಸಿ ಸಿಟಿಯ ಡಾಟ್ ಕಾಮ್ ಕಂಪನಿ ಆ ಪುಸ್ತಕವನ್ನು ಇಂಟರ್ನೆಟ್ಟಿಗೆ ಏರಿಸುವ ಗುತ್ತಿಗೆ ಹಿಡಿದಿತ್ತು. ಗ್ರಂಥಾಲಯದವರು ಪುಟಗಳ ಫೋಟೋ ತೆಗೆದು ಕೊಡಬೇಕು. ನಾವು ಕಂಪ್ಯೂಟರಿನಲ್ಲಿ ಧೂಳು, ನೆರಳು, ಬೆಳಕಿನ ಮಚ್ಚೆ ತೆಗೆದು ಚೊಕ್ಕಟ ಮಾಡಬೇಕು. ಅಂದು ದಾನಿಗಳ ಮುಂದೆ ಮೊದಲ ಪ್ರದರ್ಶನ. ಮೌಸ್ ಒತ್ತಿದವಳು ನಾನೇ.

ಪರದೆಯ ಮೇಲೆ ಸೀನಾಯ್ ಪರ್ವತ ಬಂತು. ಮೇಲೆ ಮೋಡದಿಂದ ಇಳಿದ ಒಂದು ಕೈ, ಆ ಕೈ ಚಾಚಿದ, ಹತ್ತು ಆಜ್ಞೆಗಳ ಎರಡು ಕಲ್ಲಿನ ಹಲಗೆ, ಅವನ್ನು ಪಡೆಯುವ ಯೆಹೂದಿಗಳ ಪ್ರವಾದಿ ಮೋಶೆ, ಕೆಳಗೆ ಮೊನಚು ಟೋಪಿ ಹಾಕಿ ಸಾಲಾಗಿ ನಿಂತ ಜನ. ಮೂಲ ಚಿತ್ರದಲ್ಲಿ ಅವರ ಮುಖದ ಜಾಗದಲ್ಲಿ ಸುಲಿದ ಮೊಟ್ಟೆಯಂತೆ ಬರೀ ಬಿಳುಪು. ಅಂದು ಪರದೆಯ ಮೇಲೆ ಮಾತ್ರ ಒಬ್ಬೊಬ್ಬರಿಗೂ ಕಾಡಿಗೆ ತೀಡಿದಂಥ ಎರಡೆರಡು ಕಣ್ಣು, ಕಮಾನು ಹುಬ್ಬು, ಕೆನ್ನೆಗೆ ಒಂದಿಷ್ಟು ಗುಲಾಬಿ. ಮೋಶೆಯೂ ಸೇರಿ ಅಷ್ಟೂ ಜನ, ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕನ್ಯೆ ನೋಡುವುದಕ್ಕೆ ಮುಂಚೆ ಫೋಟೋ ತೆಗೆಸಿಕೊಳ್ಳುವ ವರಗಳಂತೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು, "ಎಡಗಡೆಯಿಂದ ಮೂರನೆಯವನು ನನ್ನ ಭಾವಮೈದ. ಆದರೆ ಅವನು ಇಂಥ ಕಡೆಗೆಲ್ಲ ಬರುವವನಲ್ಲ" ಎಂದು ಜೋರಾಗಿ ಹೇಳಿದರು. ಕೆಲವರು ನಕ್ಕರು. ಗ್ರಂಥಾಲಯದ ಹಸ್ತಪ್ರತಿ ವಿಭಾಗದ ಮುಖ್ಯಸ್ಥೆ ಮಾರ್ಗರೆಟ್ ನಗಲಿಲ್ಲ. ಎದ್ದು ಬಂದು ನನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದರು. ಕೊನೆಯ ಸಾಲಿನಲ್ಲಿ ಸಫಾರಿ ಸೂಟು ಹಾಕಿಕೊಂಡು ಕೂತಿದ್ದ ಮುರುಗೆಪ್ಪನವರು, ಜನ ನಕ್ಕದ್ದನ್ನು ಮೆಚ್ಚುಗೆಯೆಂದು ತಿಳಿದು, ಎದ್ದು ನಿಂತು ಎಲ್ಲರಿಗೂ ಕೈಮುಗಿದರು.

ತಪ್ಪು ಅರ್ಧ ನನ್ನದು. "ಬಣ್ಣ ಉದುರಿದಲ್ಲೆ ಏನು ಮಾಡಬೇಕ್ರಿ ಮೇಡಮ್ಮರ?" ಎಂದು ಅವರು ಮೊದಲೇ ಕೇಳಿದ್ದರು. ಬೇರೆ ಯಾವುದೋ ಅವಸರದಲ್ಲಿದ್ದ ನಾನು, "ಡ್ಯಾಮೇಜ್ ಇರೋದೆಲ್ಲ ಸರಿಮಾಡ್ಬಿಡಿ ಮುರುಗೆಪ್ಪನವರೇ" ಎಂದಿದ್ದೆ. ಧಾರ್ಮಿಕ ಚಿತ್ರಕಲೆಯಲ್ಲಿ ನನ್ನ ಜ್ಞಾನವಾದರೂ ಎಷ್ಟು? ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಒಳ್ಳೆಯ ನಡತೆಗೆ ಸಂತರ ಚಿತ್ರದ ಕಾರ್ಡು ಕೊಡುತ್ತಿದ್ದರು. ಸಂತರಿಗೆ ನೀಲಿ ಕಣ್ಣಿರುತ್ತದೆ, ಅದು ಸದಾ ಆಕಾಶ ನೋಡುತ್ತಿರುತ್ತದೆ ಎಂಬಷ್ಟು ಗೊತ್ತಿತ್ತು. ನನ್ನ ನಡತೆ ಅಷ್ಟಕ್ಕಷ್ಟೇ ಇದ್ದದ್ದರಿಂದ ಕಾರ್ಡುಗಳೂ ಅಷ್ಟಕ್ಕಷ್ಟೇ. ಇನ್ನು ಹೀಬ್ರೂ ಭಾಷೆ. ನನಗೆ ಗೊತ್ತಿದ್ದದ್ದು ಬ್ರೂ ಕಾಫಿ ಒಂದೇ.

ಆದರೆ ಮುರುಗೆಪ್ಪನವರು ಮೂವತ್ತು ವರ್ಷ ಮಾಡಿದ ಕೆಲಸ ಯಾವುದೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಫೋಟೋ ಸ್ಟುಡಿಯೋದಲ್ಲಿ ಅವರು ಟಚಿಂಗ್ ಮಾಡುವವರು. ಸಿಡುಬಿನ ಕಲೆ ತೆಗೆಯುವುದು, ವರನ ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಹುಡುಗಿಯ ಬಣ್ಣವನ್ನು ಒಂದು ಸುತ್ತು ತಿಳಿಮಾಡುವುದು, ಇವೆಲ್ಲ ಸಣ್ಣಪುಟ್ಟವು. ಅವರ ಹೆಸರಿದ್ದದ್ದು ಸತ್ತವರ ಕಣ್ಣು ತೆರೆಸುವುದರಲ್ಲಿ. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳದೆ ಹೋದ ಹಿರಿಯರು ಆಗ ಬಹಳ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಮಂದಿ ನಿಂತು ತೆಗೆಸಿದ ಒಂದೇ ಫೋಟೋ ಸ್ಟುಡಿಯೋಗೆ ಬರುತ್ತಿತ್ತು. ಅದರಿಂದ ಮುಖವನ್ನಷ್ಟೇ ಎತ್ತಿ ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದು, ಗೋಡೆಗೆ ಹಾಕುವಂತೆ ಮಾಡಿಕೊಡಬೇಕು.

"ಕಣ್ಣು ಎಲ್ಲಿಂದ ತರ್ತಿದ್ರಿ?" ಎಂದು ಒಮ್ಮೆ ಕೇಳಿದ್ದೆ.

"ಅವರ ಮನ್ಯಾಗ ಇರ್ತಾವಲ್ರಿ. ತಮ್ಮನೋ ಮಗನೋ ಯಾರರೆ ಬಂದಿರ್ತಾರ. ಸ್ಟೂಲ್ ಮ್ಯಾಲ ಕೂಡ್ರಸ್ತಿದ್ನಿ. ಅಳಬ್ಯಾಡ್ರಿ, ಅತ್ರ ಕಣ್ಣು ಕೆಂಪಾಗ್ತಾವ, ಆಮ್ಯಾಲ ನಿಮ್ಮ ಅಪ್ಪಾರು ಕುಡದು ಕುಂತಂಗ ಕಾಣ್ತಾರ ಅಂತಿದ್ನಿ. ಸುಮ್ಮನಾಗ್ತಿದ್ರು. ಅವರ ಕಣ್ಣು ನೋಡಿ ಬರೀತಿದ್ನಿ. ಅಷ್ಟ."

ಅವರ ಮಗಳು ಅಕ್ಷತಾ ಮತ್ತು ಅಳಿಯ ರಾಜಶೇಖರ ಇಬ್ಬರೂ ಜರ್ಸಿ ಸಿಟಿಯಲ್ಲಿ ಸಾಫ್ಟ್‌ವೇರಿನವರು. ಮಗಳು ಸಿಟಿಜನ್ ಆದ ಮೇಲೆ ಅಪ್ಪ ಅವ್ವನಿಗೆ ಗ್ರೀನ್ ಕಾರ್ಡು ಮಾಡಿಸಿ ಕರೆಸಿಕೊಂಡಳು. ಹೆಂಡತಿ ಶೈಲಮ್ಮ ಮೂರೇ ತಿಂಗಳಲ್ಲಿ ಇಲ್ಲಿಯವರಾಗಿ ಪೇಪರಿನ ರಿಯಾಯಿತಿ ಕೂಪನ್ ಕತ್ತರಿಸತೊಡಗಿದರು. ಮುರುಗೆಪ್ಪನವರು ಕಿಟಕಿಯಿಂದ ಹಡ್ಸನ್ ನದಿಯನ್ನು ನೋಡಿ ನೋಡಿ ಸವೆಯತೊಡಗಿದರು. ಆಗಿನ ಕಾಲ ಹೇಗಿತ್ತೆಂದರೆ, ಮೌಸ್ ಅಂದರೆ ಇಲಿ ಎಂದು ಹೆದರದವರಿಗೆಲ್ಲ ಕೆಲಸ ಸಿಗುತ್ತಿತ್ತು. ಕನ್ನಡ ಕೂಟದಲ್ಲಿ ಪರಿಚಯವಾದ ಅವರನ್ನು ನಾನೇ ನಮ್ಮ ಕಂಪನಿಗೆ ಸೇರಿಸಿದೆ. ಹದಿನೈದು ದಿನದಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರು ಕಲಿತರು. "ಇದರಾಗೂ ಬ್ರಶ್ ಐತ್ರಿ. ತೊಳಿಯೂದಷ್ಟ ಇಲ್ಲ" ಎಂದು ಅಚ್ಚರಿಪಟ್ಟರು.

ಪ್ರದರ್ಶನದ ಮುಂದಿನ ವಾರ ಮಾರ್ಗರೆಟ್ ಟ್ರೇನು ಹತ್ತಿ ನಮ್ಮ ಆಫೀಸಿಗೇ ಬಂದರು. ಗುತ್ತಿಗೆ ಹೋಯಿತೆಂದು ನಾನು ಕೈತೊಳೆದುಕೊಂಡಿದ್ದೆ. ಅವರು ನನ್ನನ್ನು ದಾಟಿ ಹೋಗಿ, ಮುರುಗೆಪ್ಪನವರ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಎಪ್ಪತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಅವರ ಬೆರಳು ಪರದೆಯನ್ನು ಮುಟ್ಟದೆ ಅರ್ಧ ಅಂಗುಲ ದೂರದಲ್ಲಿ ನಿಲ್ಲುತ್ತಿತ್ತು, ಹಳೆಯ ಪುಸ್ತಕಗಳ ಜೊತೆ ಬದುಕಿದ ಅಭ್ಯಾಸ. ನಾನು ನಡುವೆ ದುಭಾಷಿ.

"ಇದು ಬಣ್ಣ ಉದುರಿದ್ದಲ್ಲ. ಬರೆಯದೆ ಬಿಟ್ಟದ್ದು" ಎಂದರು ಮಾರ್ಗರೆಟ್.

"ಯಾಕ್ರಿ? ಹಬ್ಬ ಬಂತು, ಟೈಮ್ ಸಾಲಲಿಲ್ಲೇನು?"

"ಯಾಕೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಮೂರ್ತಿ ಮಾಡಬಾರದು ಅಂತ ನಮಗೊಂದು ಆಜ್ಞೆ ಇದೆ. ಚಿತ್ರ ಬರೆಸಿದವರಲ್ಲೂ ಕೆಲವರಿಗೆ ಮನುಷ್ಯನ ಮುಖದ ಹತ್ತಿರ ಬಂದಾಗ ಕೈ ಹಿಂಜರಿಯಿತು. ಮುಖ ಕೊಡುವುದು ದೇವರ ಕೆಲಸ, ನಮ್ಮದಲ್ಲ ಅಂತ ಅನ್ನಿಸಿರಬಹುದು. ಇದು ನನ್ನ ಊಹೆ."

ಅವರು ಬೇರೆ ಪುಟಗಳನ್ನು ತೆರೆಸಿದರು. ಒಂದರಲ್ಲಿ ಹಬ್ಬದ ಊಟಕ್ಕೆ ಕೂತವರಿಗೆಲ್ಲ ಹಕ್ಕಿಯ ಕೊಕ್ಕು. ಇನ್ನೊಂದರಲ್ಲಿ ನಿಲುವಂಗಿ ತೊಟ್ಟ ಹೆಂಗಸರ ಕೊರಳ ಮೇಲೆ ಸಿಂಹದ ತಲೆ, ನಾಯಿಯ ತಲೆ. ಮುರುಗೆಪ್ಪನವರು ಕನ್ನಡಕ ಮೇಲೆತ್ತಿ ನೋಡಿದರು.

"ಹಕ್ಕಿ ಮುಖ ನಡೀತದ, ಮನಷ್ಯಾರ ಮುಖ ನಡ್ಯಾಂಗಿಲ್ಲ?"

"ಕೆಲವರಿಗೆ ಹಾಗೆ."

"ಇರಲಿ ಬಿಡ್ರಿ. ನಮ್ಮಲ್ಲೆ ಆನಿ ಮುಖ ನಡೀತದ. ಮತ್ತ ಈ ಮೋಡದಾಗಿನ ಕೈ ಯಾರದು?"

"ದೇವರದು. ಅದಕ್ಕಿಂತ ಹೆಚ್ಚು ತೋರಿಸುವ ಹಾಗಿಲ್ಲ."

ಮುರುಗೆಪ್ಪನವರು ಅಂಗಿಯ ಮೇಲಿಂದಲೇ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಮುಟ್ಟಿಕೊಂಡರು. ಒಳಗಿನ ಇಷ್ಟಲಿಂಗವನ್ನು ಪರರಿಗೆ ತೆಗೆದು ತೋರಿಸುವುದಿಲ್ಲ. "ನಮ್ಮದು ಅಂಗೈ ಮ್ಯಾಲಿನ ದೇವರು, ಇವರದು ಬರೇ ಅಂಗೈ" ಎಂದು ನನಗೆ ಹೇಳಿ, "ಕಣ್ಣಿಲ್ಲ, ಮೂಗಿಲ್ಲ ಇದಕ್ಕ. ದಿನಾ ಮುಂಜಾನಿ ಎದುರಿಗೆ ಹಿಡಕೊಂಡು ಕೂಡತೇನಿ. ನನಗ ಇದು ತಿಳೀಬೇಕಿತ್ರಿ" ಎಂದರು. ನಾನು ಅನುವಾದಿಸಿದೆ. ಮಾರ್ಗರೆಟ್ ಮೊದಲ ಬಾರಿ ನಕ್ಕರು. ಗುತ್ತಿಗೆ ಉಳಿಯಿತು.

ಮೂಲ ಫೈಲುಗಳೆಲ್ಲ ಭದ್ರವಾಗಿದ್ದವು. ಅವನ್ನೇ ಮತ್ತೆ ಹಾಕಿದರೆ ಐದು ನಿಮಿಷದ ಕೆಲಸ ಎಂದೆ. ಮುರುಗೆಪ್ಪನವರು ಒಪ್ಪಲಿಲ್ಲ. "ನಾ ತೆರಸೇನಿ, ನಾನ ಮುಚ್ಚತೇನಿ." ನಾಲ್ಕು ದಿನ ಕೂತು ಒಬ್ಬೊಬ್ಬರ ರೆಪ್ಪೆ, ಹುಬ್ಬು, ಕೆನ್ನೆ ಒರೆಸಿದರು. ಕೊನೆಯದು ಮೋಶೆಯದು. ಅದಾದ ಮೇಲೆ ಕೈ ಕಟ್ಟಿಕೊಂಡು, "ಮೂವತ್ತು ವರ್ಷದಾಗ ತೆರದ ಕಣ್ಣು ಮುಚ್ಚಿದ್ದು ಇದ ಮೊದಲ ನೋಡ್ರಿ" ಎಂದರು.

ಜನವರಿ ಬಂತು. ಎರಡು ಸಾವಿರದ ಇಸವಿಗೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಎರಡು ವರ್ಷ ಹಗಲಿರುಳು ದುಡಿದವರಲ್ಲಿ ಅಕ್ಷತಾಳೂ ಒಬ್ಬಳು. ಕಂಪ್ಯೂಟರುಗಳು ಕ್ಷೇಮವಾಗಿ ದಾಟಿದವು. ಅವಳ ಮಗು ದಾಟಲಿಲ್ಲ.

ಮದುವೆಯಾಗಿ ಹತ್ತು ವರ್ಷಕ್ಕೆ ಆದ ಮೊದಲ ಮಗು, ಹೆಣ್ಣು. ದಿನ ತುಂಬುವ ಮೊದಲೇ ಹುಟ್ಟಿ ಹತ್ತೊಂಬತ್ತು ಗಂಟೆ ಇತ್ತು. ಅಷ್ಟೂ ಹೊತ್ತು ನಳಿಗೆಗಳ ನಡುವೆ ಮಲಗಿತ್ತು, ಕಣ್ಣು ಬಿಡಲಿಲ್ಲ. ಆಸ್ಪತ್ರೆಯವರು ಕೊನೆಗೆ ಒಂದು ಪುಟ್ಟ ಪೆಟ್ಟಿಗೆ ಕೊಟ್ಟರು. ಇಲ್ಲಿ ಹಾಗೆ ಕೊಡುತ್ತಾರೆ. ಒಳಗೆ ಉಣ್ಣೆಯ ಟೋಪಿ, ಶಾಯಿಯಲ್ಲಿ ಅದ್ದಿ ಒತ್ತಿದ ಪಾದದ ಗುರುತಿನ ಕಾಗದ, ಒಂದು ಪೋಲರಾಯ್ಡ್ ಫೋಟೋ.

ಮಗುವನ್ನು ಹೂಳಿದ ದಿನ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಗುಂಡಿ ತೋಡಲು ಯಂತ್ರ ತಂದಿದ್ದರು. ಅದರ ಸದ್ದು ನಿಲ್ಲುವವರೆಗೆ ನಾವೆಲ್ಲ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕಾದೆವು. ಮುರುಗೆಪ್ಪನವರು ಇಳಿದು ಹೋಗಿ ಹೆಬ್ಬೆರಳಷ್ಟು ಅಗಲದ ಹಣೆಗೆ ವಿಭೂತಿ ಹಚ್ಚಿದರು. ಸ್ಮಶಾನದ ಆಫೀಸಿನವನು ಫಲಕಕ್ಕೆ ಹೆಸರು ಕೇಳಿದ. ಹೆಸರಿಟ್ಟಿರಲಿಲ್ಲ. ರಾಜಶೇಖರ 'ಬೇಬಿ ಗರ್ಲ್' ಎಂದು ಬರೆಸಿದ.

ಹನ್ನೊಂದನೆಯ ದಿನ ಅಕ್ಷತಾ ಆ ಪೋಲರಾಯ್ಡನ್ನು ತಂದು ಅಪ್ಪನ ಮುಂದೆ ಇಟ್ಟಳು. "ಅಪ್ಪಾಜಿ, ಇದರ ಕಣ್ಣು ತೆರಸ್ರಿ."

ಮುರುಗೆಪ್ಪನವರು ಫೋಟೋವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಆಗಲ್ಲ ಎಂದರು. ಅದಕ್ಕೆ ಕಾರಣವನ್ನು ಮೊದಲು ಹೇಳಿದವರು ಶೈಲಮ್ಮ: "ಹೆಸರಿಡದ ಕೂಸಿನ ಫೋಟೋ ಇಡಾಂಗಿಲ್ಲವಾ ನಮ್ಮೊಳಗ." ಗೋಡೆಗೆ ಹಾಕುವುದಿಲ್ಲ, ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು ಮಗಳು. ಅಪ್ಪ ತಲೆಯಾಡಿಸಿದರು. ಅಂದಿನಿಂದ ಅವಳು ಅವರ ಜೊತೆ ಮಾತು ಬಿಟ್ಟಳು.

ಇದೆಲ್ಲ ನನಗೆ ಗೊತ್ತಾದದ್ದು ಶೈಲಮ್ಮನವರ ಫೋನಿನಿಂದ. ರಾಜಶೇಖರನಿಗೆ ಸೋಮವಾರದಿಂದ ಗುರುವಾರದವರೆಗೆ ಬೇರೆ ರಾಜ್ಯದಲ್ಲಿ ಕೆಲಸ. ಅಕ್ಷತಾ ಆಫೀಸಿಗೆಂದು ಹೊರಡುತ್ತಾಳೆ, ಆದರೆ ಹೋಗುವುದಿಲ್ಲ. ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರಿನಲ್ಲೇ ಸಂಜೆಯವರೆಗೆ ಕೂತಿರುತ್ತಾಳೆ. "ಅರ್ಧ ರೊಟ್ಟಿ ಇಳ್ಯಾಂಗಿಲ್ರಿ. ಗಟ್ಟಿಯಾಗಿ ಅತ್ರ ಬೇಕಾಗಿತ್ತು, ಅದೂ ಇಲ್ಲ. ಡಾಕ್ಟರ್ ಗುಳಿಗಿ ಬರದಾರ, ಅವು ಬಾಟ್ಲಿ ತುಂಬ ಹಂಗ ಅದಾವ. ಎಣಿಸಿ ನೋಡತೇನ್ರಿ ನಾ, ದಿನಾ" ಎಂದರು. ಯಾಕೆ ಎಣಿಸುತ್ತಾರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಭಾನುವಾರವೇ ಹೋದೆ.

ಬಾಗಿಲು ತೆರೆದವರು ಮುರುಗೆಪ್ಪನವರು. ಅಕ್ಷತಾ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ನಗಲು ನೋಡಿ, ಅಪ್ಪನಿಗೆ ಹೇಳಬೇಕಾದದ್ದನ್ನು ನನಗೆ ಹೇಳಿದಳು.

"ನೋಡ್ರಿ ಆಂಟಿ. ಊರ ಗೌಡ್ರಿಗೆ, ಅಂಗಡಿ ಶೆಟ್ಟ್ರಿಗೆ, ಕಂಡವರ ಹೆಣಕ್ಕೆಲ್ಲಾ ಕಣ್ಣು ತೆರಸ್ಯಾರ ಇವರು. ಅವರೇನು ನಮಗ ಬೀಗರಾ? ಅಲ್ಲೆ ಯಾರೋ ಬುಕ್‌ನಾಗಿನ ಮಂದಿಗೆ, ಹೇಳದನ, ಕೇಳದನ, ಇಪ್ಪತ್ತಮೂರು ಮಂದಿಗೆ ತೆರಸ್ಯಾರ. ನನ್ನ ಕೂಸಿಗೆ ಮಾತ್ರ ಆಗಾಂಗಿಲ್ಲ."

ಮುರುಗೆಪ್ಪನವರು ನೆಲ ನೋಡುತ್ತ ಹೇಳಿದರು. "ಅವರೆಲ್ಲಾ ಲೋಕ ನೋಡಿ ಹೋದವರವಾ. ಇದು ಏನ್ ನೋಡೇತಿ? ನೋಡದಿದ್ದ ಕಣ್ಣು ನಾ ಹೆಂಗ ಬರೀಲಿ? ಆ ಬುಕ್ಕಿನಾಗ ಮುಖ ಬಿಟ್ಟಾವ ದಡ್ಡ ಅಲ್ಲ. ಗೊತ್ತಿಲ್ಲದ್ದನ್ನ ಬರದ್ರ ಸುಳ್ಳಾಗತೈತಿ."

"ಹಂಗಾರ ಸುಳ್ಳ ಬರೀರಿ." ಅಕ್ಷತಾ ಆ ಹನ್ನೊಂದನೆಯ ದಿನದ ನಂತರ ಮೊದಲ ಬಾರಿ ಅಪ್ಪನ ಮುಖ ನೋಡಿದಳು. "ಜಸ್ಟ್ ಲೈ ಟು ಮಿ, ಅಪ್ಪಾಜಿ. ನಾ ಏನ್ ಖರೇ ಕೇಳಿದ್ನ್ಯಾ?"

ಅವಳು ಕಾರಿನ ಕೀ ತೆಗೆದುಕೊಂಡು ಕೆಳಗೆ ಹೋದಳು. ಭಾನುವಾರ ಎಂಬುದೂ ಅವಳ ನೆನಪಿನಲ್ಲಿರಲಿಲ್ಲ.

ಮಾರ್ಚಿನಲ್ಲಿ ನಾವು ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆಗಳ ಪುಟಗಳಿಗೆ ಬಂದೆವು. ವರ್ಷದ ಪಾಪಕ್ಕೆಲ್ಲ ಕ್ಷಮೆ ಕೇಳುತ್ತ ದಿನವಿಡೀ ಉಪವಾಸವಿದ್ದು ಓದುವ ಪ್ರಾರ್ಥನೆಗಳು ಅವು. ಅಲ್ಲಿ ಇಡೀ ಪುಟವನ್ನು ತುಂಬಿದ ಒಂದು ದೊಡ್ಡ ಕಮಾನು ಬಾಗಿಲು. ಕರುಣೆಯ ಬಾಗಿಲು ಎಂದು ಅದರ ಹೆಸರು. ಕಂಬಗಳು ಸಿಂಹಗಳ ಬೆನ್ನ ಮೇಲೆ ನಿಂತಿವೆ. ಒಂದು ಕಂಬದ ಬುಡದಲ್ಲಿ ಬಾಗಿಲು ತೆರೆಯಲೆಂದು ಕಾದಂತೆ ಬೆರಳುದ್ದದ ಒಬ್ಬ ಮನುಷ್ಯ. ಅವನಿಗೂ ಮುಖವಿಲ್ಲ.

ಮಧ್ಯಾಹ್ನ ಮುರುಗೆಪ್ಪನವರು ಕುರ್ಚಿ ಹಿಂದೆ ತಳ್ಳಿ ಎದ್ದ ಸದ್ದು ಕೇಳಿ ಹೋದೆ. ಅವರ ಮುಖ ಬೆಳ್ಳಗಾಗಿತ್ತು.

"ನಾ ಮಾಡಿಲ್ರಿ ಇದು! ನಮ್ಮ ಲಿಂಗದ ಆಣಿ ಮಾಡಿ ಹೇಳತೇನಿ, ನಾ ಈ ಪುಟ ಮುಟ್ಟೇ ಇಲ್ಲ!"

ಪರದೆಯಲ್ಲಿ ಎಂಟು ಪಟ್ಟು ದೊಡ್ಡದಾಗಿದ್ದ ಆ ಪುಟ್ಟ ಮನುಷ್ಯನ ಬಿಳಿ ಮುಖದ ಮೇಲೆ ಕಂದು ಬಣ್ಣದ ಎರಡು ಚುಕ್ಕೆ. ಒಂದು ಸ್ವಲ್ಪ ಮೇಲೆ, ಇನ್ನೊಂದು ಕೆಳಗೆ. ಕಣ್ಣುಗಳೇ.

ಎರಡನೆಯ ಮುಖಭಂಗಕ್ಕೆ ಸಿದ್ಧಳಾಗಿ ಮಾರ್ಗರೆಟ್‌ಗೆ ಫೋನ್ ಮಾಡಿದೆ. ಅವರು ಇಬ್ಬರನ್ನೂ ಬರಹೇಳಿದರು. ಮುರುಗೆಪ್ಪನವರು ನಿಜವಾದ ಪುಸ್ತಕವನ್ನು ನೋಡಿದ್ದು ಅಂದೇ ಮೊದಲು. ಮೆತ್ತನೆಯ ದಿಂಬುಗಳ ಮೇಲೆ ಅದನ್ನು ಮಲಗಿಸಿ ಮಾರ್ಗರೆಟ್ ಪುಟ ತಿರುಗಿಸಿದರು. ಚಿನ್ನ ದೀಪಕ್ಕೆ ಅಲುಗಾಡಿದಂತಾಯಿತು. ಚುಕ್ಕೆಗಳು ಅಲ್ಲೂ ಇದ್ದವು. ಮುರುಗೆಪ್ಪನವರ ಉಸಿರು ಕೆಳಗಿಳಿಯಿತು.

"ಶಾಯಿ ಬೇರೆ" ಎಂದರು ಮಾರ್ಗರೆಟ್. "ಚಿತ್ರ ಬರೆದು ನೂರಿನ್ನೂರು ವರ್ಷವಾದ ಮೇಲೆ ಪುಸ್ತಕ ಯಾರ ಕೈಯಲ್ಲಿತ್ತೋ ಅವರು ಹಾಕಿದ್ದು."

"ಕೆಲಸ ಬಲ್ಲವರ ಕೈ ಅಲ್ರಿ ಇದು. ಒಂದು ಮ್ಯಾಲ ಆಗೇತಿ. ಬ್ಯಾಸರಕ್ಕ ಕೂತಲ್ಲೆ ಹಚ್ಚ್ಯಾರೇನು, ಪೂಜಿ ಹೊತ್ತಿನಾಗ?"

"ಇಲ್ಲ. ಆ ದಿನ ನಾವು ಬರೆಯುವ ಹಾಗಿಲ್ಲ, ಲೇಖನಿ ಮುಟ್ಟುವಂತಿಲ್ಲ. ಆದ್ದರಿಂದ ಯಾರೋ ಬೇರೆ ದಿನ, ಬೇಕೆಂದೇ ಬಂದು, ಈ ಪುಟ ಹುಡುಕಿ ತೆಗೆದು ಹಾಕಿದ್ದಾರೆ."

"ತಪ್ಪಲ್ಲೇನ್ರಿ?"

"ತಪ್ಪೇ."

"ಮತ್ತ ಹಿಂದಾಗಡೆ ಬಂದವರು ಯಾರೂ ಅಳಸಲಿಲ್ಲ?"

ಮಾರ್ಗರೆಟ್ ಪುಟದ ಇನ್ನೊಂದು ಮೂಲೆಗೆ ಬೆರಳು ತಂದರು. ಅಲ್ಲಿ ಚರ್ಮ ಸ್ವಲ್ಪ ಒರಟಾಗಿತ್ತು. "ಚರ್ಮದ ಮೇಲಿನ ಶಾಯಿಯನ್ನು ಚಾಕುವಿನಿಂದ ಕೆರೆದು ತೆಗೆಯುವುದು ಸುಲಭ. ಒಂದು ಅಕ್ಷರ ತಪ್ಪಿದ್ದರೂ ಹೀಗೆ ಕೆರೆದು ತಿದ್ದಿದ್ದಾರೆ. ಇದನ್ನು ಎಷ್ಟೋ ಜನ ಪಂಡಿತರು, ಎಷ್ಟೋ ವರ್ಷ, ಆ ದೊಡ್ಡ ದಿನದಂದೇ ಎದುರಿಗಿಟ್ಟುಕೊಂಡು ಓದಿದ್ದಾರೆ. ಒಬ್ಬರೂ ಕೆರೆದಿಲ್ಲ."

"ಕಂಡಿರಲಿಕ್ಕಿಲ್ಲ."

"ಕಂಡಿರುತ್ತದೆ" ಎಂದರು ಮಾರ್ಗರೆಟ್.

ಮರುದಿನ ಮುರುಗೆಪ್ಪನವರು ಮನೆಯಿಂದ ಬರುವಾಗ ಆ ಪೋಲರಾಯ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು, ಆಫೀಸಿನ ಸ್ಕ್ಯಾನರ್ ಬಳಸಬಹುದೇ ಎಂದು ಕೇಳಿದರು.

ಎಂಟು ದಿನ ಹಿಡಿಯಿತು. ಊಟದ ಬಿಡುವಿನಲ್ಲಿ ಮಾತ್ರ, ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಾಡುತ್ತಿದ್ದರು. ಮೂಗಿಗೆ ಅಂಟಿಸಿದ್ದ ನಳಿಗೆ ತೆಗೆದರು, ತುಟಿಯ ನೀಲಿ ತೆಗೆದರು. ಶೈಲಮ್ಮ ಕಟ್ಟಿಕೊಟ್ಟ ರೊಟ್ಟಿ ಡಬ್ಬಿಯಲ್ಲೇ ಸೆಟೆದು ಹೋಗುತ್ತಿತ್ತು. ಒಂದು ದಿನ ಹಿಂದಿನಿಂದ ಹೋದವಳಿಗೆ ಅರೆಕ್ಷಣ ಕಂಡಿತು: ಒಂದು ಕಣ್ಣು ತೆರೆದಿತ್ತು, ಇನ್ನೊಂದು ಮುಚ್ಚಿತ್ತು. ನಾನು ಸದ್ದು ಮಾಡದೆ ಹಿಂದಿರುಗಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಶನಿವಾರ ಅವರ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬರೇ ಕೊಡಲು ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಪರ್ಸಿನಲ್ಲಿ ಹಿಡಿಯುವಷ್ಟು ಚಿಕ್ಕ ಪ್ರಿಂಟು. ಟೇಬಲ್ಲಿನ ಮೇಲೆ ಇಟ್ಟು, ಗೋಡೆಗೆ ಸರಿದು ನಿಂತರು.

ಅಕ್ಷತಾ ನೋಡಿದಳು. ಮಗು ಅವಳನ್ನು ನೋಡಿತು. ಹಾಗೆನ್ನದೆ ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಒಂದಿಷ್ಟು ಬೆರಗು, ಒಂದಿಷ್ಟು ನಿದ್ದೆಗಣ್ಣು, ಈಗಷ್ಟೇ ಯಾರೋ ಹೆಸರು ಹಿಡಿದು ಕರೆದಂಥ ನೋಟ.

ಶೈಲಮ್ಮ ಭುಜದ ಮೇಲಿಂದ ಬಗ್ಗಿ, "ಅಯ್ಯ ನಮ್ಮವ್ವಾ, ಇವು ನಿನ್ನ ಕಣ್ಣ ಅಲ್ಲೇನ? ನೀ ಹುಟ್ಟಿದಾಗ ಹಿಂಗ ಮಿಕಿಮಿಕಿ ನೋಡತಿದ್ದಿ" ಎಂದರು.

"ಅತ್ತಿ, ಇವು ನಮ್ಮವ್ವನವು" ಎಂದ ರಾಜಶೇಖರ. "ನಿಂಗಮ್ಮನ ಮಮ್ಮಗಳು ಅಂತ ಯಾರರೆ ಹೇಳ್ತಾರ."

"ನಿಮ್ಮವ್ವನ ಕಣ್ಣು ಒಳಗದಾವಪಾ."

"ಫೋಟೋ ತರ್ಲೇನು? ತರ್ಲಿ?"

ಆ ಮನೆಯಲ್ಲಿ ಮೂರು ತಿಂಗಳಿಂದ ಯಾರೂ ಯಾರ ಜೊತೆಗೂ ಜಗಳವಾಡಿರಲಿಲ್ಲ. ಅಕ್ಷತಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳದೆ ನೋಡುತ್ತಲೇ ಇದ್ದಳು. ಆಮೇಲೆ ಅತ್ತಳು, ಕೆಳಗಿನ ಫ್ಲಾಟಿನವರು ಮೇಲೆ ಬಂದು ಬಾಗಿಲು ತಟ್ಟುವಷ್ಟು ಗಟ್ಟಿಯಾಗಿ. ಶೈಲಮ್ಮ ತಡೆಯಲಿಲ್ಲ. ಸಂಜೆ ಊಟಕ್ಕೆ ಕೂತಾಗ ಅವಳು ಒಂದು ರೊಟ್ಟಿ ಮುರಿದಳು, ಪಲ್ಯದ ಬಟ್ಟಲನ್ನು ಗೋಡೆಯ ಹತ್ತಿರವಿದ್ದ ಅಪ್ಪನ ಕಡೆಗೆ ತಳ್ಳಿ, "ಬರ್ರಿ ಅಪ್ಪಾಜಿ, ಉಣ್ರಿ" ಎಂದಳು. ಎಲ್ಲ ಸರಿಹೋಯಿತೆಂದು ಹೇಳಲಾರೆ. ಸರಿಹೋಗುವಂಥದ್ದಲ್ಲ ಅದು. ವಾರಕ್ಕೆ ಒಂದೆರಡು ದಿನ ಕಾರಿನಲ್ಲಿ ಕೂರುವುದು ಇನ್ನೂ ಇತ್ತು. ಆದರೆ ಉಳಿದ ದಿನ ಆಫೀಸಿಗೆ ಹೋದಳು. ಶೈಲಮ್ಮ ಗುಳಿಗೆ ಎಣಿಸುವುದನ್ನು ಬಿಟ್ಟರು.

ಏಪ್ರಿಲ್‌ನಲ್ಲಿ ಷೇರುಪೇಟೆ ಜಾರಿತು. ಡಾಟ್ ಕಾಮುಗಳು ಒಂದೊಂದಾಗಿ ಕಾಮಾ ಇಲ್ಲದೆ ಫುಲ್‌ಸ್ಟಾಪಿಗೆ ಬಂದವು. ನಮ್ಮದು ಮೇ ತಿಂಗಳ ಒಂದು ಶುಕ್ರವಾರ ಬಾಗಿಲು ಹಾಕಿತು. ಮಹ್ಜೋರಿನ ಅರ್ಧ ಪುಟಗಳು ಇಂಟರ್ನೆಟ್ಟಿಗೆ ಏರದೆ ಉಳಿದವು. ಆ ಪುಟ್ಟ ಮನುಷ್ಯನ ಎರಡು ಚುಕ್ಕೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಮಾರ್ಗರೆಟ್ 'ಇದ್ದಂತೆಯೇ ಇರಲಿ' ಎಂದು ಬರೆದು ಕಳಿಸಿದ್ದೇ ನಮ್ಮ ಆಫೀಸಿಗೆ ಬಂದ ಕೊನೆಯ ಪತ್ರ.

ಅಂದು ಮಧ್ಯಾಹ್ನ ಮುರುಗೆಪ್ಪನವರನ್ನು ಮನೆಗೆ ಬಿಡಲು ನನ್ನ ಕಾರಿನಲ್ಲಿ ಕರೆದುಕೊಂಡು ಹೊರಟೆ. ನದಿಯಡಿಯ ಸುರಂಗದ ಕಡೆಯ ರಸ್ತೆಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಇನ್ನು ಯಾವಾಗ ಸಿಗುತ್ತಾರೋ ಎಂದು, ಎರಡು ತಿಂಗಳಿಂದ ತಡೆದುಕೊಂಡಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಮುರುಗೆಪ್ಪನವರೇ, ಆ ಮಗುವಿಗೆ ಯಾರ ಕಣ್ಣು ಬರೆದಿರಿ? ಶೈಲಮ್ಮ ಅಕ್ಷತಾದು ಅಂತಾರೆ, ರಾಜಶೇಖರ ಅವರಮ್ಮಂದು ಅಂತಾರೆ. ನನಗೇನೋ ನಿಮ್ಮದೇ ಅನ್ನಿಸಿತು."

ಅವರು ಮುಂದಿನ ಲಾರಿಯ ಹಿಂಬದಿಯನ್ನು ನೋಡುತ್ತಲೇ ಹೇಳಿದರು.

"ಯಾರವೂ ಅಲ್ರಿ ಮೇಡಮ್ಮರ. ಮನ್ಯಾಗಿನವರು ಕೂಸು ಹುಟ್ಟೂಕಿಂತ ಮೊದಲ ಸೇಲ್‌ನಾಗ ಡೈಪರ್ ತಂದು ಇಟ್ಟಿದ್ರಲ್ಲ, ಆ ಡಬ್ಬಿ ಮ್ಯಾಲ ಒಂದು ಕೂಸಿತ್ತು. ಅದರವು. ಪ್ರಿಂಟ್ ಭಾಳ ಚೊಕ್ಕ ಇತ್ರಿ."